ಅವರಿಗೆ ಚಳಿಯಾಗ್ತಿದೆಯಂತೆ

ಧೂಳು ಕಣ್ಣಿಗೆ ಬಿತ್ತು, ಎಡಗಣ್ಣಿಗೆ, ಒರೆಸಿಕೊಳ್ಳೋಣವೆಂದರೆ ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈ ಏಸಿ ಗಾಳಿ ಹೋಗುವ ಡಕ್ಟಿನ ತಗಡಿನ ಮೇಲೆ, ಕುತ್ತಿಗೆಯಿಂದ ಮೇಲಕ್ಕೆ ನಾನು ಫಾಲ್ಸ್ ಸೀಲಿಂಗಿನ ಕತ್ತಲಲ್ಲಿ, ಕುತ್ತಿಗೆಯಿಂದ ಕೆಳಕ್ಕೆ ನಕ್ಷೆ ಕಚೇರಿಯ ಬೆಳಕಿನಲ್ಲಿ, ಏಣಿಯ ಮೇಲೆ, ಕೆಳಗಿರುವವರಿಗೆ ಎರಡು ಕಾಲು, ಒಂದು ನೀಲಿ ಸಮವಸ್ತ್ರ, ತಲೆಯೇ ಇಲ್ಲದ ಹೆಂಗಸು — ಅದಕ್ಕೇ ಇರಬೇಕು ಇಷ್ಟು ಧಾರಾಳವಾಗಿ ನಗುತ್ತಿರುವುದು, ಅಗೋ, ಮತ್ತೆ ನಕ್ಕ, ನನ್ನ ಗಂಡ, ಮೊದಲು ಮೂಗಿನಲ್ಲಿ ಎರಡು ಸಲ ಉಸಿರು ಬಿಟ್ಟು ಆಮೇಲೆ ಬಾಯಿ ತೆರೆದು, ಆ ನಗುವಿನ ಪರಿಚಯ ನನಗಿಲ್ಲವೇ, ಮದುವೆಯಾದ ಹೊಸತರಲ್ಲಿ ಅದು ನಮ್ಮ ಮನೆಯಲ್ಲೇ ಇತ್ತು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ನಗುತ್ತಿದ್ದ, ಪಕ್ಕದ ಮನೆಯವರು ಗೋಡೆ ಬಡಿಯುತ್ತಿದ್ದರು, ಈಗ ಮನೆಗೆ ಬಂದರೆ ಹೂಂ, ಊಹೂಂ, ಊಟ ಆಯ್ತಾ, ಲೈಟ್ ಆರಿಸು, ಅಷ್ಟೇ, ಮಾತೆಲ್ಲ ಇಲ್ಲೇ ಖರ್ಚು ಮಾಡಿ ಖಾಲಿ ಚೀಲ ಹೊತ್ತುಕೊಂಡು ಬರುತ್ತಾನೆ, ಮತ್ತೆ ಆ ಇನ್ನೊಂದು ನಗು, ಸಣ್ಣದು, ಅದು ಅವಳದು, ಅಂಟಿನವಳದು, ಹರಿದ ಹಳೇ ನಕ್ಷೆಗಳಿಗೆ ಅಂಟು ಹಚ್ಚಿ ಸರಿ ಮಾಡುವುದಕ್ಕೆಂದು ಹೊಸದಾಗಿ ಬಂದವಳು, ನಕ್ಷೆಗಳಷ್ಟಕ್ಕೆ ಅವಳ ಕೈ ನಿಂತಿದ್ದರೆ ನನ್ನ ಗಂಟೇನು ಹೋಗುತ್ತಿತ್ತು. ಕಣ್ಣು ಉರಿಯುತ್ತಿದೆ, ಧೂಳಿಗೇ ಇರಬೇಕು.

ಇದಕ್ಕೆಲ್ಲ ಮೊದಲು, ಇವನ ಆ ಫೋನ್ ಬಂದಾಗ ನಾನು ನೆಲಮಾಳಿಗೆಯಲ್ಲಿ ಪಂಪಿನ ಪಕ್ಕ ಕೂತು ಬ್ರೆಡ್ಡು ತಿನ್ನುತ್ತಿದ್ದೆ, ಯಂತ್ರಗಳ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡು ಹಲೋ ಅಂದೆ, ಏಯ್ ನಾನು ಕಣೇ, ನಮ್ಮ ಒಳಗಿನ ರೂಮಿಗೆ ಸ್ವಲ್ಪ ಗಾಳಿ ಕಮ್ಮಿ ಮಾಡ್ತೀಯಾ, ಅವರಿಗೆ ಚಳಿಯಾಗ್ತಿದೆಯಂತೆ — ಯಾರಿಗೆ, ಅಂದೆ — ಅದೇ, ಅವರಿಗೆ, ಅಂಟಿನ ಕೆಲಸಕ್ಕೆ ಬಂದಿದ್ದಾರಲ್ಲ — ಅವರು! ನನಗೆ ಏಯ್, ಅವಳಿಗೆ ಅವರು, ಇಷ್ಟು ವರ್ಷ ಒಂದೇ ಕಟ್ಟಡದಲ್ಲಿ ದುಡಿದಿದ್ದೇವೆ, ಅವನು ಮೇಲೆ, ನಾನು ಕೆಳಗೆ, ಒಂದು ದಿನವಾದರೂ ಫೋನ್ ಮಾಡಿ ಏನೇ, ಕೆಳಗೆ ಸೆಖೆಯಾ, ಯಂತ್ರದ ಪಕ್ಕ ತಲೆನೋವಾ ಅಂತ ಕೇಳಿದವನಲ್ಲ, ನನಗೂ ಚಳಿಯಾಗುತ್ತದೆ ಮಾರಾಯ, ಹೊದಿಕೆಯನ್ನೆಲ್ಲ ಎಳೆದುಕೊಂಡು ಗೋಡೆ ಕಡೆ ತಿರುಗುತ್ತೀಯಲ್ಲ, ಆಗ ನನಗೆ ಚಳಿಯಾಗುತ್ತದೆ, ಅದನ್ನು ಯಾವ ವಿಭಾಗಕ್ಕೆ ಫೋನ್ ಮಾಡಿ ಹೇಳಲಿ, ಆದರೆ ಬಾಯಲ್ಲಿ ಬಂದದ್ದು ಸರಿ ನೋಡ್ತೀನಿ ಅನ್ನೋದಷ್ಟೇ, ಥ್ಯಾಂಕ್ಸ್ ಅಂದ, ನನಗೆ ಥ್ಯಾಂಕ್ಸ್, ಹೆಂಡತಿಗೆ. ಅವಳ ಪರವಾಗಿ ಹೇಳಿದ ಥ್ಯಾಂಕ್ಸ್ ಅದು, ನನಗೆ ಅರ್ಥವಾಗದೇ ಇರುತ್ತದೆಯೇ.

ಜನಕ್ಕೆ ಏಸಿ ಎಂದರೆ ತಣ್ಣನೆಯ ಗಾಳಿ ಎಲ್ಲಿಂದಲೋ ಹೊಸದಾಗಿ ಹುಟ್ಟಿ ಬರುತ್ತದೆ ಎಂದು ಭ್ರಮೆ, ಹುಟ್ಟುವುದೂ ಇಲ್ಲ ಮಣ್ಣೂ ಇಲ್ಲ, ನೆಲಮಾಳಿಗೆಯ ಯಂತ್ರ ನೀರನ್ನು ತಣ್ಣಗೆ ಮಾಡುತ್ತದೆ, ಪಂಪು ಆ ನೀರನ್ನು ಮೇಲಕ್ಕೆ ತಳ್ಳುತ್ತದೆ, ಒಂದೊಂದು ಅಂತಸ್ತಿನ ಮೂಲೆಯಲ್ಲೂ ಬೀರು ಗಾತ್ರದ ಫ್ಯಾನಿನ ಪೆಟ್ಟಿಗೆ, ಅದರೊಳಗೆ ಸುರುಳಿ ಕೊಳವೆಗಳಲ್ಲಿ ಆ ನೀರು ಓಡುತ್ತದೆ, ಫ್ಯಾನು ಕೊಳವೆಗಳ ಮೇಲೆ ಗಾಳಿ ಊದುತ್ತದೆ, ತಣ್ಣಗಾದ ಗಾಳಿ ತಗಡಿನ ಡಕ್ಟಿನಲ್ಲಿ ಕೋಣೆ ಕೋಣೆಗೆ ಹೋಗುತ್ತದೆ, ಅಲ್ಲಿ ಒಂದು ಜಾಲರಿಯಿಂದ ಬೀಳುತ್ತದೆ, ಇನ್ನೊಂದು ಜಾಲರಿ ಅದನ್ನು ವಾಪಸು ಎಳೆದುಕೊಳ್ಳುತ್ತದೆ, ಎಳೆದದ್ದು ತಿರುಗಿ ಅದೇ ಪೆಟ್ಟಿಗೆಗೆ, ತಾರಸಿಯಿಂದ ಬಂದ ಒಂಚೂರು ಹೊಸ ಗಾಳಿ ಬೆರೆಸಿ, ಫಿಲ್ಟರಿನಲ್ಲಿ ಸೋಸಿ, ಮತ್ತೆ ತಣ್ಣಗೆ ಮಾಡಿ ಮತ್ತೆ ಅದೇ ಜನಕ್ಕೆ, ಅಂದರೆ ಒಂದು ಅಂತಸ್ತಿನವರೆಲ್ಲ ಇಡೀ ದಿನ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಾರೆ — ಇದನ್ನು ನಾನು ಕೆಲಸ ಕಲಿತ ದಿನದಿಂದ ಬಲ್ಲೆ, ಯಾವತ್ತೂ ಹೊಟ್ಟೆ ಉರಿದಿರಲಿಲ್ಲ, ಆ ಫೋನಿನ ಮೇಲೆ ಉರಿಯತೊಡಗಿತು, ಅವಳು ಉಸಿರು ಬಿಡುತ್ತಾಳೆ, ಜಾಲರಿ ಎಳೆಯುತ್ತದೆ, ನನ್ನ ಫ್ಯಾನು ತಿರುಗುತ್ತದೆ, ನಾನು ತೊಳೆದ ಫಿಲ್ಟರಿನಲ್ಲಿ ಸೋಸಿಕೊಂಡು ಹೋಗಿ ಇವನ ಮೂಗಿಗೆ ಸೇರುತ್ತದೆ, ನಡುವೆ ನಿಂತು ಬಡಿಸುತ್ತಿರುವವಳು ನಾನು, ನಾನಾದರೋ ನೆಲಮಾಳಿಗೆಯಲ್ಲಿ ಬೇರೆ ಗಾಳಿ ಕುಡಿಯುತ್ತೇನೆ, ಎಣ್ಣೆ ವಾಸನೆಯದು, ಬಿಸಿಯದು, ಅದು ಮೇಲಕ್ಕೆ ಹೋಗುವುದೇ ಇಲ್ಲ, ಸೀದಾ ಹೊರಗೆ. ಒಂದೇ ಛಾವಣಿಯ ಕೆಳಗೆ ಇದ್ದೇವೆ ಎನ್ನುವುದು ಬರೀ ಮಾತಿಗೆ.

ಇಡೀ ಕಟ್ಟಡಕ್ಕೆ ನಾನು ಗಾಳಿಯಕ್ಕ, ಸೆಖೆಯಾದರೆ ಗಾಳಿಯಕ್ಕ ಎಲ್ಲಿ, ಚಳಿಯಾದರೆ ಗಾಳಿಯಕ್ಕ ಎಲ್ಲಿ, ಎಲ್ಲ ಸರಿಯಾಗಿದ್ದರೆ ಗಾಳಿಯಕ್ಕ ಇದ್ದಾಳೋ ಸತ್ತಳೋ ಯಾರಿಗೂ ಬೇಡ, ಹೋಗಲಿ, ಜನದ ಮಾತು ಬಿಡು, ಇವನಿಗೂ ಗೊತ್ತಿಲ್ಲ, ಇವನ ಮೇಜಿನ ಮೇಲಿನ ಜಾಲರಿಯ ರೆಕ್ಕೆಗಳನ್ನು ನಾನು ಕೈಯಾರೆ ಬಗ್ಗಿಸಿಟ್ಟಿದ್ದೇನೆ, ಗಾಳಿ ನೇರ ಬಿದ್ದರೆ ಇವನ ಕುತ್ತಿಗೆ ಹಿಡಿದುಕೊಳ್ಳುತ್ತದೆ, ಮೊದಲ ವರ್ಷ ತಿಂಗಳುಗಟ್ಟಲೆ ಕುತ್ತಿಗೆ ವಾರೆ ಮಾಡಿಕೊಂಡು ತಿರುಗುತ್ತಿದ್ದ, ಈಗ ಆ ನೋವು ಎಲ್ಲಿ ಹೋಯಿತು ಅಂತ ಒಂದು ದಿನ ಯೋಚಿಸಿದ್ದಾನಾ, ಹಿತ್ತಲ ಗಿಡ ಮದ್ದಲ್ಲ, ಅಂಟಿನ ಗಿಡ ಮದ್ದು. ಆಮೇಲೆ ಒಂದು ದಿನ ಆ ಅಂತಸ್ತಿನ ಪೆಟ್ಟಿಗೆಯ ಫಿಲ್ಟರು ಬಿಚ್ಚಲು ಹೋದೆ, ಫ್ಯಾನು ನಿಲ್ಲಿಸಿದೆ, ಎಲ್ಲ ಸ್ತಬ್ಧ, ಆಗ ವಾಪಸು ಬರುವ ಡಕ್ಟಿನೊಳಗಿಂದ ಈ ನಗು, ತಗಡಿನಲ್ಲಿ ಉರುಳಿಕೊಂಡು ಬಂದು ನನ್ನ ಮುಖದ ಮುಂದೆ ನಿಂತಿತು, ಮೂಗಿನಲ್ಲಿ ಎರಡು ಸಲ, ಆಮೇಲೆ ಬಾಯಿ ತೆರೆದು, ಮಾತು ಒಂದೂ ಕೇಳಿಸುವುದಿಲ್ಲ, ಮಾತೆಲ್ಲ ತಿರುವುಗಳಲ್ಲಿ ಉದುರಿ ಹೋಗುತ್ತದೆ, ನಗು ಮಾತ್ರ ಬರುತ್ತದೆ, ಫಿಲ್ಟರು ಕೈಯಲ್ಲೇ ಹಿಡಿದು ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದೆ, ಅಕ್ಕ ಬಿದ್ದು ಬಿದ್ದು ನಕ್ಕಳು, ನಗೋದಕ್ಕೆಲ್ಲ ಗಂಡನ ಮೇಲೆ ಅನುಮಾನ ಪಡ್ತಾರೇನೇ, ಹಾಗಾದ್ರೆ ನಮ್ಮನೆಯವರು ಇಷ್ಟೊತ್ತಿಗೆ ಟಿವಿ ಜೊತೆ ಓಡಿ ಹೋಗಿರ್ಬೇಕಿತ್ತು — ನಗು ಅಕ್ಕ, ನೀನೂ ನಗು, ಲೋಕವೆಲ್ಲ ನಗಲಿ, ಅವನು ಅವಳ ಕೈ ಹಿಡಿದಿದ್ದರೆ ನಾನು ಜಗಳವಾಡಬಹುದಿತ್ತು, ಪಾತ್ರೆ ಎಸೆಯಬಹುದಿತ್ತು, ನಕ್ಕಿದ್ದಕ್ಕೆ ಏನು ಎಸೆಯಲಿ, ಏನ್ರೀ ನೀವು ನಕ್ಕಿದ್ರಿ ಅಂತ ಕೇಳಿದರೆ ನನಗೇ ತಲೆ ಕೆಟ್ಟಿದೆ ಅನ್ನುತ್ತಾರೆ. ಹೊಟ್ಟೆಕಿಚ್ಚು, ಹೌದು, ಹೊಟ್ಟೆಕಿಚ್ಚೇ, ಬೇರೆ ಹೆಸರು ಯಾಕೆ ಹುಡುಕಬೇಕು.

ಅದೇ ದಿನ ಸೂಪರ್‌ವೈಸರ್ ಮಾತಿನ ನಡುವೆ ಹೇಳಿದ್ದು, ಆ ಅಂಟಿನ ಮೇಡಂಗೆ ಒಳಗಿನ ರೂಮು ಹೊಂದದೆ ಇದ್ರೆ ಕೆಳಗಿನ ಅಂತಸ್ತಲ್ಲಿ ಒಂದು ಮೇಜು ಖಾಲಿ ಇದೆ, ಅಲ್ಲಿಗೆ ಕಳಿಸ್ತಾರಂತೆ — ಇದು ಕಿವಿಗೆ ಬಿದ್ದಮೇಲೆ ಕೈ ಸುಮ್ಮನಿರುತ್ತದೆಯೇ, ಹೊಂದದೆ ಇದ್ದರೆ, ಹೊಂದದ ಹಾಗೆ ಮಾಡುವುದೇ ಒಂದು ಕಷ್ಟವೇ ನನಗೆ, ಊಟದ ಹೊತ್ತಿನಲ್ಲಿ ಎಲ್ಲರೂ ಹೊರಗೆ ಹೋದಾಗ ಇದೇ ಏಣಿ ಇದೇ ಜಾಗದಲ್ಲಿ ಹಾಕಿ ಹತ್ತಿದೆ, ಒಳಗಿನ ಕೋಣೆಗೆ ಹೋಗುವ ಡಕ್ಟಿನ ಕವಲಿನ ಮೇಲೆ ಹಿಡಿ ಇದೆ, ಡ್ಯಾಂಪರಿನ ಹಿಡಿ, ಒಳಗೆ ಒಂದು ತಗಡಿನ ಹಲಗೆ, ಹಿಡಿ ಉದ್ದಕ್ಕಿದ್ದರೆ ಗಾಳಿ ಹೋಗುತ್ತದೆ, ಅಡ್ಡಕ್ಕಿದ್ದರೆ ಬಂದ್, ಸ್ವಲ್ಪ ಕಮ್ಮಿ ಮಾಡು ಅಂದಿದ್ದನಲ್ಲ, ಒಂದು ಬೆರಳಷ್ಟು ತಿರುಗಿಸಿದರೆ ಸಾಕಿತ್ತು, ಪೂರ್ತಿ ಅಡ್ಡ ತಿರುಗಿಸಿದೆ, ಚಳಿಯಾಗುತ್ತದೆಯಾ ತಾಯಿ, ತಗೋ, ಇನ್ನು ಬೇಯಿ, ಬೆಂದು ಬೆವತು ಕೆಳಗಿನ ಅಂತಸ್ತಿಗೆ ಇಳಿ, ಇಳಿಯುವಾಗ ನಾನೇ ಬಂದು ನಿನ್ನ ಅಂಟಿನ ಡಬ್ಬ ಹೊತ್ತುಕೊಡುತ್ತೇನೆ — ಏಣಿ ಇಳಿಯುವಾಗ ಹಾಡು ಗುನುಗುತ್ತಿದ್ದೆ, ಈಗ ನೆನೆದರೆ ಮೈ ಉರಿಯುತ್ತದೆ, ಹಾಡು ಬೇರೆ ಕೇಡು. ಆ ಸಂಜೆ ಮನೆಯಲ್ಲಿ ಇವನಿಗೆ ಎರಡನೇ ಸಲ ಬಡಿಸಿದೆ, ಏನು ವಿಶೇಷ ಅಂದ, ಏನಿಲ್ಲ ಅಂದೆ.

ಮರೆತದ್ದು ಎಲ್ಲಿ, ಎಳೆಯುವ ಜಾಲರಿಯನ್ನು ಮರೆತೆ, ಊದುವುದನ್ನು ನಿಲ್ಲಿಸಿದೆ, ಎಳೆಯುವುದನ್ನು ನಿಲ್ಲಿಸಲಿಲ್ಲ, ಈ ಕೆಲಸದಲ್ಲಿ ಕೂದಲು ನೆರೆತವಳು ನಾನು, ಥೂ, ನನ್ನ ಬುದ್ಧಿಗಿಷ್ಟು, ಆ ಒಳಗಿನ ಕೋಣೆಗೆ ಮೊದಲಿನಿಂದಲೂ ಎಳೆಯುವುದಕ್ಕಿಂತ ಸ್ವಲ್ಪ ಹೆಚ್ಚೇ ಊದುವುದು ಪದ್ಧತಿ, ಹಳೇ ಕಾಗದಗಳಿವೆ, ಹೊರಗಿನ ಧೂಳು ಒಳಗೆ ನುಗ್ಗಬಾರದು, ಹೆಚ್ಚಿನ ಗಾಳಿ ಒಳಗಿನಿಂದ ಹೊರಕ್ಕೆ ಒತ್ತುತ್ತಿರಬೇಕು, ಇವನ ಕೋಣೆಗೂ ಆ ಕೋಣೆಗೂ ನಡುವೆ ಒಂದೇ ಬಾಗಿಲು, ಅದು ತೆರೆಯುವುದು ಒಳಗಡೆಗೆ, ಚಿಲಕ ಮುರಿದು ಯಾವ ಕಾಲವಾಯಿತೋ, ಬಡಗಿ ಬರುತ್ತಾನೆ ಬರುತ್ತಾನೆ ಎಂದು ಬಂದೇ ಇಲ್ಲ, ಆದರೂ ಆ ಬಾಗಿಲು ಮುಚ್ಚಿಕೊಂಡೇ ಇತ್ತು, ಯಾಕೆ, ಒಳಗಿನ ಗಾಳಿ ಅದನ್ನು ಚೌಕಟ್ಟಿಗೆ ಒತ್ತಿ ಹಿಡಿದಿತ್ತು, ಅಂದರೆ ನಾನು ಹಿಡಿದಿದ್ದೆ, ನೆಲಮಾಳಿಗೆಯಲ್ಲಿ ಕೂತು ಆ ಬಾಗಿಲನ್ನು ಇಷ್ಟು ವರ್ಷ ಹಿಡಿದಿದ್ದವಳು ನಾನು, ಆ ದಿನ ಕೈಬಿಟ್ಟವಳೂ ನಾನೇ, ಊದುವ ಗಾಳಿ ನಿಂತಿತು, ಜಾಲರಿ ಮಾತ್ರ ಎಳೆಯುತ್ತಲೇ ಇತ್ತು, ಕೋಣೆ ಹಸಿದುಕೊಂಡು ಬಾಗಿಲನ್ನೇ ಒಳಗೆ ಎಳೆದುಕೊಂಡಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ, ಅಜ್ಜಿ ಹೇಳುತ್ತಿದ್ದಳು, ಹೇಳುವಾಗ ನನ್ನನ್ನೇ ನೋಡುತ್ತಿದ್ದಳು.

ಗಾಳಿಯಕ್ಕ, ನಿಮ್ಮ ಯಜಮಾನರ ಆಫೀಸಲ್ಲಿ ನಡುವಿನ ಬಾಗಿಲು ತಾನಾಗೇ ತೆಗೆದ್ಕೊಳ್ತಿದೆಯಂತೆ, ದೆವ್ವ ಗಿವ್ವ ಇದೆಯಾ ನೋಡ್ಕೊಂಡು ಬನ್ನಿ — ಇವತ್ತು ಸೂಪರ್‌ವೈಸರ್ ಹಲ್ಲು ಕಿರಿದ, ಯಾರು ದೂರು ಕೊಟ್ಟದ್ದು ಅಂದೆ, ಸೆಖೆ ಅಂತ ಆ ಮೇಡಂ ಹೇಳಿದ್ರಾ ಅಂದೆ, ಎದೆ ಸ್ವಲ್ಪ ಹಾರಿತು ಕೂಡ, ಇಲ್ಲಪ್ಪ, ಅವರ ದೊಡ್ಡ ಸಾಹೇಬರು, ಹಳೇ ನಕ್ಷೆ ಮೇಲೆ ಧೂಳು ಕೂತಿದೆಯಂತೆ, ಅಂದ. ಅಂದರೆ ಅವರಿಬ್ಬರು ದೂರು ಕೊಟ್ಟಿಲ್ಲ, ಅವಳು ಬೇಯಲಿಲ್ಲ, ಇವನು ಫೋನ್ ಮಾಡಲಿಲ್ಲ, ಯಾಕೆ ಮಾಡುತ್ತಾನೆ, ಬಾಗಿಲು ತೆರೆದಿದ್ದರೆ ಇವನ ಕೋಣೆಯ ತಂಪು ಸೀದಾ ಅವಳ ಕೋಣೆಗೆ ಹೋಗುತ್ತದೆ, ಇವನ ಕುತ್ತಿಗೆ ನೋಯಬಾರದು ಎಂದು ನಾನು ರೆಕ್ಕೆ ಬಗ್ಗಿಸಿ ಕಳಿಸಿದ ಗಾಳಿ, ಮೆತ್ತಗಿನದು, ಅವಳಿಗೆ ಹೇಳಿ ಮಾಡಿಸಿದ ಹಾಗೆ, ಚಳಿಯೂ ಇಲ್ಲ ಸೆಖೆಯೂ ಇಲ್ಲ, ಅಬ್ಬಾ ನನ್ನ ಕೈಗುಣವೇ, ಏಣಿ ಹೊತ್ತು ಮೇಲೆ ಬಂದು ನೋಡಿದರೆ ಇವನು ಮೇಜನ್ನೇ ಎಳೆದು ಹೊಸ್ತಿಲ ಪಕ್ಕಕ್ಕೆ ತಂದಿಟ್ಟುಕೊಂಡಿದ್ದಾನೆ, ಮೇಜು ಈ ಕೋಣೆ, ಮುಖ ಆ ಕೋಣೆ, ಬಾ ಬಾ, ಅಂದ, ಒಳಗೆ ತಿರುಗಿ, ಇವಳೇ, ಅಂದ, ಅಷ್ಟೇ, ನನ್ನ ಹೆಂಡತಿ ಅಂತಲೂ ಇಲ್ಲ, ಇವಳೇ — ಅಂದರೆ ಮೊದಲೇ ಏನೋ ಹೇಳಿಟ್ಟಿದ್ದಾನೆ, ಅವಳು ಎದ್ದು ನಿಂತಳು, ಓ ನೀವೇನಾ, ನಿಮ್ಮ ಬಗ್ಗೆ ತುಂಬಾ ಕೇಳಿದ್ದೀನಿ, ಇರಿ ಏಣಿ ಹಿಡ್ಕೊಳ್ಳಲಾ, ಅಂದಳು, ಕನ್ನಡಕ ಹಣೆಯ ಮೇಲೆ, ಬೆರಳ ತುದಿಯಲ್ಲೆಲ್ಲ ಒಣಗಿದ ಅಂಟಿನ ಸಿಪ್ಪೆ, ನನಗಿಂತ ಬೆಳ್ಳಗೆ ನೆರೆತ ತಲೆ, ಅಯ್ಯೋ ದೇವರೇ, ಚೆಲುವೆಯಾಗಿದ್ದರೆ ನಾಲ್ಕು ಮಾತು ಬೈದುಕೊಂಡು ಸಮಾಧಾನವಾಗಬಹುದಿತ್ತು, ಇವಳನ್ನು ಏನೆಂದು ಬೈಯಲಿ, ನನ್ನ ಹಾಗೇ ಇದ್ದಾಳೆ. ಬೇಡ, ನಾನು ಹಿಡ್ಕೋತೀನಿ, ಬೀಳೋ ಪೈಕಿ ಅಲ್ಲ ನಾನು, ಅಂದೆ, ದನಿ ಸ್ವಲ್ಪ ಜೋರಾಯಿತು.

ಆಮೇಲೆ ನೋಡಿದ್ದು ಆ ಬೂಟು, ಮೇಜಿನ ಕೆಳಗೆ ಒಂದೇ ಒಂದು ಬೂಟು, ಮಗ್ಗುಲಾಗಿ ಬಿದ್ದಿತ್ತು, ಇವನದು, ಏಣಿಯ ಎರಡನೇ ಮೆಟ್ಟಿಲಲ್ಲಿ ಕಾಲು ನಿಂತುಬಿಟ್ಟಿತು — ಇವನು ಬೂಟು ಬಿಚ್ಚಿದ್ದಾನೆ, ಹೊರಗಡೆ, ಇನ್ನೊಬ್ಬರ ಎದುರಿಗೆ, ಇವನ ಬಲಗಾಲಿನ ಹೆಬ್ಬೆರಳು ನೆಟ್ಟಗಿಲ್ಲ, ಮದುವೆಗೆ ಮುಂಚೆಯೇ ನಕ್ಷೆ ಸುತ್ತಿಡುವ ಕಬ್ಬಿಣದ ಉರುಳೆ ಬಿದ್ದು ಜಜ್ಜಿ ಹೋದದ್ದು, ಉಗುರು ದಪ್ಪಗೆ ಬೆಳೆದು ಮೇಲಕ್ಕೆ ಸುತ್ತಿಕೊಂಡಿದೆ, ಯಾವ ಸಾಕ್ಸು ಹಾಕಿದರೂ ತೂತು, ಅದನ್ನು ಯಾರಿಗೂ ತೋರಿಸುವವನಲ್ಲ, ಅಕ್ಕನ ಮನೆಗೆ ಹೋದರೂ ಕಾಲನ್ನು ಕುರ್ಚಿಯ ಕೆಳಗೆ ಮಡಚಿಟ್ಟುಕೊಂಡು ಕೂರುತ್ತಾನೆ, ಏನ್ರೀ, ಕಾಲು ಕದ್ದುಕೊಂಡು ಬಂದ್ರಾ ಎಂದು ಅಕ್ಕ ತಮಾಷೆ ಮಾಡಿದರೆ ಕಿವಿ ಕೆಂಪಾಗುತ್ತದೆ, ಮೊದಲ ರಾತ್ರಿ ದೀಪವಾರಿಸಿಯೇ ಸಾಕ್ಸು ತೆಗೆದಿದ್ದ, ನನಗೆ ತೋರಿಸುವುದಕ್ಕೇ ಒಂದು ವರ್ಷ ತೆಗೆದುಕೊಂಡ, ಆಮೇಲೆ ಒಂದು ಭಾನುವಾರ ಬಿಸಿನೀರಿನಲ್ಲಿ ನೆನೆಸಿ ಆ ಉಗುರು ಕತ್ತರಿಸಿದವಳು ನಾನು, ಅವತ್ತಿನಿಂದ ಕತ್ತರಿಸುವವಳು ನಾನೇ, ತೂತಿಗೆ ದಾರ ಹಾಕುವವಳು ನಾನೇ, ಈ ಲೋಕದಲ್ಲಿ ಅವನ ಆ ಬೆರಳನ್ನು ನೋಡಿದವಳು ನಾನೊಬ್ಬಳೇ ಎಂದು, ಹೇಳಲು ನಾಚಿಕೆಯಾಗುತ್ತದೆ, ಅದೊಂದು ನನ್ನ ಆಸ್ತಿ ಎಂದು ಇಟ್ಟುಕೊಂಡಿದ್ದೆ, ಯಾರಾದರೂ ನಗಬಹುದು, ಇಂಥ ಬೆರಳಿಗೆ ಯಾರು ಪಾಲು ಕೇಳುತ್ತಾರೆ ಎಂದು. ಮೂರನೇ ಮೆಟ್ಟಿಲು, ನಾಲ್ಕನೇ ಮೆಟ್ಟಿಲು, ಸೀಲಿಂಗಿನ ಹಲಗೆ ಸರಿಸಿದೆ, ಧೂಳು ಬಿತ್ತು.

ಸಾಕು, ಕೆಲಸ ನೋಡು, ಹಿಡಿ ಇಲ್ಲಿದೆ, ಅಡ್ಡ ನಿಂತಿದೆ, ನಾನು ನಿಲ್ಲಿಸಿದ ಹಾಗೇ, ಕೆಳಗೆ ಇವನ ಮಾತು, ಇಲ್ಲಿಂದ ಮಾತೂ ಕೇಳುತ್ತದೆ, ತಿರುವುಗಳಿಲ್ಲವಲ್ಲ, ನೋಡಿ ಇಲ್ಲಿ, ಈ ನದಿ ನೋಡಿ, ಯಾರೋ ಪುಣ್ಯಾತ್ಮ ತೂಕಡಿಸ್ಕೊಂಡು ಎಳೆದಿದ್ದಾನೆ, ಸೀದಾ ಬೆಟ್ಟ ಹತ್ತಿ ಆ ಕಡೆ ಇಳಿದಿದೆ, ಪಾಪ ನದಿಗೆ ಎಷ್ಟು ಏದುಸಿರು ಬಂದಿರ್ಬೇಕು — ಅವಳು ನಗುತ್ತಾಳೆ, ಇವನೂ, ಮೂಗಿನಲ್ಲಿ ಎರಡು ಸಲ, ನನಗೂ ನಗು ಬಂದಿತು, ಹಾಳಾದ್ದು, ಕತ್ತಲಲ್ಲಿ ಒಬ್ಬಳೇ ಬಾಯಿ ಮುಚ್ಚಿಕೊಂಡು ನಕ್ಕೆ, ಚೆನ್ನಾಗಿದೆ, ನದಿಗೆ ಏದುಸಿರು, ಇದನ್ನು ನನಗೆ ಹೇಳಬಹುದಿತ್ತಲ್ಲ, ಊಟಕ್ಕೆ ಕೂತಾಗ ಹೇಳಿದ್ದರೆ ನಾನು ಅವಳಿಗಿಂತ ಜೋರಾಗಿ ನಗುತ್ತಿದ್ದೆ, ಇರಲಿ, ಇದೊಂದು ಬಾಗಿಲು ಮುಚ್ಚಲಿ, ಅದೊಂದೇ ನನಗೆ ಬೇಕಾದ್ದು, ಬಾಗಿಲು ಮುಚ್ಚಿದರೆ ಇವನು ಮೇಜನ್ನು ವಾಪಸು ಎಳೆದುಕೊಳ್ಳುತ್ತಾನೆ, ಬೂಟು ಹಾಕಿಕೊಳ್ಳುತ್ತಾನೆ, ಮಿಕ್ಕದ್ದು ಮನೆಯಲ್ಲಿ ನೋಡಿಕೊಳ್ಳೋಣ, ನಾನೂ ಇನ್ನು ಮೇಲೆ ಕೇಳುತ್ತೇನೆ, ಇವತ್ತು ಯಾವ ನದಿ ಎಲ್ಲಿ ಹತ್ತಿತು ಎಂದು ಕೇಳುತ್ತೇನೆ, ಕೇಳದೇ ಇದ್ದದ್ದು ನಾನೂ ಇರಬಹುದು, ಹಿಡಿ ತಿರುಗಿಸಿದೆ, ಕರ್ರೆಂದಿತು, ಅರ್ಧ, ತಗಡಿನೊಳಗೆ ಗಾಳಿ ನುಗ್ಗಿದ್ದು ಅಂಗೈಗೆ ತಿಳಿಯುತ್ತದೆ, ತಣ್ಣಗೆ, ಹೋಗು, ಹೋಗಿ ಆ ಬಾಗಿಲನ್ನು ಹಿಡಿ.

ಮೊಣಕಾಲು ಬಗ್ಗಿಸಿ ತಲೆಯನ್ನು ಸೀಲಿಂಗಿನಿಂದ ಕೆಳಗಿಳಿಸಿದೆ, ಕೈ ಮಾತ್ರ ಮೇಲೆ, ಹಿಡಿಯ ಮೇಲೆ, ಇವನ ಬೆನ್ನು ಕಾಣುತ್ತದೆ, ಇವನ ಮೇಜಿಗೆ ಬಗ್ಗಿದ ಅವಳ ತಲೆ ಕಾಣುತ್ತದೆ, ನಡುವೆ ನಕ್ಷೆ, ಬಾಗಿಲು ಅಲ್ಲಾಡಿತು, ಹೌದು, ಹೊರಟಿತು, ಒಳಗಿನ ಗಾಳಿ ಅದನ್ನು ಇತ್ತ ಒತ್ತುತ್ತಿದೆ, ಮೆಲ್ಲಗೆ, ಸದ್ದಿಲ್ಲದೆ, ಬಾ, ಬಾ ನನ್ನಪ್ಪ, ಇನ್ನು ಒಂದು ಗೇಣು — ಕಾಲು ಚಾಚಿದ, ಮಾತು ನಿಲ್ಲಲಿಲ್ಲ, ತಲೆ ಎತ್ತಲಿಲ್ಲ, ನದಿಯ ಮೇಲಿಟ್ಟ ಬೆರಳು ಅಲ್ಲೇ ಇದೆ, ಕಾಲೊಂದು ಮೇಜಿನ ಕೆಳಗಿನಿಂದ ತಾನಾಗಿ ಹೊರಬಂದು ಬಾಗಿಲಿನ ಅಂಚಿಗೆ ಹೋಯಿತು, ಬೂದು ಸಾಕ್ಸು, ನಾನು ದಾರ ಹಾಕಿದ ಜಾಗದಲ್ಲೇ ಮತ್ತೆ ತೂತು, ತೂತಿನಿಂದ ಹೆಬ್ಬೆರಳು, ಬಾಗಿಲು ಅದಕ್ಕೆ ತಾಗಿ ನಿಂತಿತು, ಅವಳು ಒಂದು ಸಲ ಅದನ್ನು ನೋಡಿದಳು, ನೋಡಿ ಮತ್ತೆ ನಕ್ಷೆಗೆ ಬಗ್ಗಿದಳು, ಮೊದಲ ಸಲ ನೋಡಿದವರ ಹಾಗಲ್ಲ, ಆಯ್ತೇನೇ, ಅಂದ ಇವನು, ತಿರುಗದೆ, ಆಗ್ತಾ ಇದೆ, ಅಂದೆ, ಹಿಡಿಯನ್ನು ಇನ್ನಷ್ಟು ತಿರುಗಿಸಿದೆ, ಪೂರ್ತಿ, ಇರುವ ಗಾಳಿಯೆಲ್ಲ ಹೋಗಲಿ, ನೀರು ತಣ್ಣಗಿದೆ, ಫ್ಯಾನು ಜೋರಾಗಿದೆ, ಬಾಗಿಲು ಒತ್ತಿತು, ಸಾಕ್ಸಿನ ಎಳೆ ಬಿಟ್ಟಿತು, ಬೆರಳು ಹಿಂದಕ್ಕೆ ಬಾಗಿತು, ಉಗುರಿನ ಸುತ್ತ ಬೆಳ್ಳಗಾಯಿತು, ನೋಯುತ್ತದೆ ಅದು, ನನಗೆ ಗೊತ್ತು, ಆ ಬೆರಳು ಮುಟ್ಟಿದರೂ ನೋಯುತ್ತದೆ, ತೆಗೆಯುತ್ತಾನೆ, ಈಗ ತೆಗೆಯುತ್ತಾನೆ, ಹಿಡಿ ಇನ್ನು ತಿರುಗುವುದಿಲ್ಲ, ಬೆರಳು, ಬಾಗಿದೆ, ತೆಗೆಯಲಿಲ್ಲ, ಬೆಳ್ಳಗೆ, ಬಾಗಿಲಿಗೆ ಅಡ್ಡ, ಹೆಬ್ಬೆರಳು